ಟೊರ್ಮೋದನ ಲಾಗ್

“ಬರ್ತಾ ಇದೆ,” ಎಂದ ಟೊರ್ಮೋದ್, ಲ್ಯಾಪ್‌ಟಾಪನ್ನು ಕೋಟಿನೊಳಗೆ ಹಸುಗೂಸಿನ ಹಾಗೆ ಅವುಚಿಕೊಂಡು. “ಫಲಿತಾಂಶ ಇನ್ನೇನು ಬಂದೇಬಿಡ್ತು. ಅಲ್ಲೀವರೆಗೆ ನೀನು ಏನಾದ್ರೂ ಮಾತಾಡ್ತಾ ಇರು.”

ಮೈಕು ನನ್ನ ಕೈಯಲ್ಲಿತ್ತು. ನಮ್ಮ ಹೇಲ್ದಾಲ್ ಊರಿನ ಮಕ್ಕಳ ಸ್ಕೀ ಓಟಕ್ಕೆ ಘೋಷಣೆ ಮಾಡುವವನು ನಾನೇ. ಬ್ಯಾಂಕಿಗೆ, ಗ್ಯಾರೇಜಿಗೆ, ವಾಫಲ್ ಹಿಟ್ಟು ಕೊಟ್ಟ ಅಂಗಡಿಗೆ ಧನ್ಯವಾದ ಹೇಳಿ ಮುಗಿದಿತ್ತು. ಹಿಮ ಬೀಳುತ್ತಿದೆ ಎಂದೂ ಹೇಳಿದ್ದೆ. ಹಿಮದಲ್ಲಿ ನಿಂತವರಿಗೆ ಅದೇನು ಹೊಸ ಸುದ್ದಿಯಾಗಿರಲಿಲ್ಲ. ಉಳಿದದ್ದು ವಾಫಲ್ ಮಾಡುವ ವಿಧಾನ. ಅದನ್ನೇ ಶುರು ಮಾಡಿದೆ. ನಾನು ಮೊಟ್ಟೆ ಒಡೆಯುವ ಹಂತಕ್ಕೆ ಬರುವಷ್ಟರಲ್ಲಿ ಬಹುಮಾನದ ಮೇಜಿನ ಮೇಲಿದ್ದ ಕಪ್ಪುಗಳಿಗೆಲ್ಲ ಹಿಮದ ಟೋಪಿ ಬಂದಿತ್ತು. ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಓಟದಲ್ಲಿ ಬಂದ ಬೆವರು ಆರಿ ಈಗ ಅವರಿಗೆ ನಡುಕ ಹತ್ತಿತ್ತು.

ಕ್ರೀಡಾಸಂಘದ ಅಧ್ಯಕ್ಷೆ ಗುನ್ವೊರ್ ಹಿಮದ ದಿಬ್ಬ ಹತ್ತಿ ಬಂದಳು. ಊರಿನ ಅಂಚೆ ಕಚೇರಿ ಮುಚ್ಚುವವರೆಗೆ ಅದನ್ನು ನಡೆಸಿದವಳು; ಇಂದಿಗೂ ಯಾರನ್ನು ನೋಡಿದರೂ ತಪ್ಪು ವಿಳಾಸಕ್ಕೆ ಬಂದ ಪಾರ್ಸೆಲನ್ನು ನೋಡಿದಂತೆ ನೋಡುತ್ತಾಳೆ.

“ಟೊರ್ಮೋದ್, ಮಕ್ಕಳ ಮೂಗು ಉದುರೋಕೆ ಮುಂಚೆ ಬರುತ್ತೋ, ಉದುರಿದ ಮೇಲೆ ಬರುತ್ತೋ, ಅದೊಂದು ಹೇಳು. ಅದಕ್ಕೆ ತಕ್ಕ ಹಾಗೆ ಏರ್ಪಾಡು ಮಾಡ್ತೀನಿ.”

“ಲೆಕ್ಕ ಆಗ್ತಾ ಇದೆ, ಗುನ್ವೊರ್.”

“ಅದರಲ್ಲಿ ಏನಪ್ಪಾ ಲೆಕ್ಕ? ಯಾರು ಮೊದಲು ಬಂದಿದ್ದು ಅಂತ ನಾನೇ ಕಣ್ಣಾರೆ ನೋಡಿದೀನಿ. ಅಗೋ, ಆ ಕೆಂಪು ಟೋಪಿ ಹುಡುಗ.”

“ನೀವು ನೋಡಿದ್ರೆ ಆಗಲ್ಲ. ಡೇಟಾಬೇಸ್ ಹೇಳ್ಬೇಕು.”

“ಸರಿ, ಹಾಗಾದ್ರೆ ಅದನ್ನೇ ಕೇಳು.”

“ಅದನ್ನ ನೇರವಾಗಿ ಕೇಳೋ ಹಾಗಿಲ್ಲ,” ಎಂದ ಟೊರ್ಮೋದ್.

ಆ ಚಳಿಗಾಲದಲ್ಲಿ ನಮ್ಮ ಊರು ಅನುಭವಿಸಿದ್ದೆಲ್ಲ ಈ ಒಂದು ವಾಕ್ಯದ ಫಲ.

ಟೊರ್ಮೋದ್ ಬ್ರೆಕ್ಕೆ ಎಂಬ ಇವನು ಪೇಟೆಯ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಒಳ್ಳೆಯವನು. ಯಾರು ಏನು ಕೇಳಿದರೂ ನಿಜ ಹೇಳಿಬಿಡುತ್ತಾನೆ, ಅದೊಂದು ದೋಷ ಬಿಟ್ಟರೆ ಬೇರೆ ದೋಷವಿಲ್ಲ. ನಮ್ಮ ಸಂಘದ ಹಳೆಯ ಫಲಿತಾಂಶ ಪ್ರೋಗ್ರಾಮನ್ನು ಬರೆದವರು ನಿವೃತ್ತ ಗಣಿತದ ಮೇಷ್ಟ್ರು. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ, ನೋಡಲು ಸ್ಮಶಾನದಂತಿತ್ತು, ಗುಂಡಿ ಒತ್ತಿದರೆ ಫಲಿತಾಂಶ ಉಗುಳುತ್ತಿತ್ತು. ಟೊರ್ಮೋದ್ ಶರತ್ಕಾಲದಲ್ಲಿ ಎಲ್ಲಿಗೋ ವಿಚಾರ ಸಂಕಿರಣಕ್ಕೆ ಹೋಗಿಬಂದ. ಹೋದವನು ಟೊರ್ಮೋದ್, ಬಂದವನು ಧರ್ಮಪ್ರಚಾರಕ. ಡೇಟಾಬೇಸ್ ಜೊತೆ ಯಾರೂ ನೇರವಾಗಿ ಮಾತಾಡಬಾರದು, ನಡುವೆ ಒಂದು ಪದರ ಇರಬೇಕು ಎಂದು ಅವನಿಗೆ ಅಲ್ಲಿ ಮನವರಿಕೆಯಾಗಿತ್ತು.

“ಪದರ ಯಾಕೆ?” ಎಂದು ಆಗಲೇ ನಾನು ಕೇಳಿದ್ದೆ.

“ನಾಳೆ ಡೇಟಾಬೇಸ್ ಬದಲಾಯಿಸಬೇಕು ಅಂತಿಟ್ಕೋ. ಪದರ ಇದ್ರೆ ಒಂದು ಸಾಲು ತಿದ್ದಿದ್ರೆ ಸಾಕು. ಕೆಳಗೆ ಯಾವ ಡೇಟಾಬೇಸ್ ಇದ್ರೂ ಮೇಲಿನವರಿಗೆ ಗೊತ್ತೇ ಆಗಲ್ಲ.”

“ನಾಳೆ ಯಾಕೆ ಬದಲಾಯಿಸಬೇಕು?”

“ಬದಲಾಯಿಸಬೇಕಾದ್ರೆ, ಅಂದೆ.”

ಹಳೆಯ ಪ್ರೋಗ್ರಾಮು ಹೋಯಿತು. ಪದರ ಬಂತು. ಡೇಟಾಬೇಸನ್ನು ಒಬ್ಬ ಉಗ್ರಾಣಿ ಎಂದುಕೊಳ್ಳಿ. ಅವನಿಗೆ ಅವನದೇ ಒಂದು ಒರಟು ಭಾಷೆ. ಆ ಭಾಷೆಯಲ್ಲಿ ಕೇಳಿದರೆ ಇಡೀ ಮೂಟೆಯನ್ನು ಒಂದೇ ಸಲ ಹೊತ್ತು ತಂದು ಎಸೆಯುತ್ತಾನೆ. ಪದರ ಎಂದರೆ ದುಭಾಷಿ. ಲೋಕದ ಯಾವ ಉಗ್ರಾಣಿಯ ಹತ್ತಿರ ಬೇಕಾದರೂ ಮಾತಾಡಬಲ್ಲ ಸಭ್ಯ ಮನುಷ್ಯ. ಆದರೆ ಅವನು ಮೊದಲು ಹೋಗಿ ಮಕ್ಕಳೆಷ್ಟು ಎಂದು ಕೇಳಿಕೊಂಡು ಬರುತ್ತಾನೆ. ಆಮೇಲೆ ಮೊದಲ ಮಗುವಿನ ಹೆಸರು ಕೇಳಲು ಹೋಗುತ್ತಾನೆ. ಬಂದು, ಅದೇ ಮಗುವಿನ ಊರು ಕೇಳಲು ಮತ್ತೆ ಹೋಗುತ್ತಾನೆ. ಬಂದು, ಸಮಯ ಕೇಳಲು ಹೋಗುತ್ತಾನೆ. ಆಲೂಗಡ್ಡೆ ತರಲು ಅಂಗಡಿಗೆ ಕಳಿಸಿದರೆ ಒಂದೊಂದೇ ಆಲೂಗಡ್ಡೆಯನ್ನು ಎರಡು ಕೈಯಲ್ಲಿ ಹಿಡಿದು ತಂದಂತೆ. ಟೊರ್ಮೋದ್ ಮನೆಯಲ್ಲಿ ತನ್ನ ಮಗಳ ಹೆಸರೊಂದನ್ನೇ ಹಾಕಿ ಪರೀಕ್ಷಿಸಿದ್ದ. ಆಗ ಬಹಳ ಚುರುಕಾಗಿತ್ತು.

ಫಲಿತಾಂಶ ಬಂದಾಗ ಕೆಂಪು ಟೋಪಿಯ ಹುಡುಗ ಮೊದಲ ಸ್ಥಾನದಲ್ಲೇ ಇದ್ದ. ಆದರೆ ಅವನು ಮನೆಗೆ ಹೋಗಿಯಾಗಿತ್ತು. ನಾನು ಅವನ ಹೆಸರನ್ನು ಮೈಕಿನಲ್ಲಿ ಕೂಗಿದೆ. ಪಾರ್ಕಿಂಗಿನಲ್ಲಿದ್ದ ಒಂದು ನಾಯಿ ಬೊಗಳಿತು.

ಜಿಲ್ಲಾ ಸ್ಕೀ ಮಂಡಳಿಯಿಂದ ಬಂದಿದ್ದ ಬೆರಿತ್ ಅಲ್ಲಿಯವರೆಗೆ ಉದ್ದನೆಯ ಕೋಟಿನಲ್ಲಿ ಮಡಚಿಟ್ಟ ಛತ್ರಿಯಂತೆ ನಿಂತಿದ್ದಳು. ಈಗ ಹತ್ತಿರ ಬಂದಳು.

“ನಿಮ್ಮೂರ ವಾಫಲ್ ತುಂಬಾ ಚೆನ್ನಾಗಿದೆ,” ಎಂದಳು.

ಗುನ್ವೊರ್ ಮುಖ ಬಿಳಿಚಿತು. ನಮ್ಮ ಕಡೆ ಯಾರಾದರೂ ಮೊದಲು ವಾಫಲ್ ಹೊಗಳಿದರೆ ಹಿಂದೆಯೇ ಕೆಟ್ಟ ಸುದ್ದಿ ಬರುತ್ತದೆ.

“ಈಸ್ಟರ್ ರಿಲೇಗೂ ಹೀಗೇ ಆದ್ರೆ ನಾವು ರಿಲೇನ ಲುಂದೆಗೆ ಕೊಡ್ಬೇಕಾಗುತ್ತೆ,” ಎಂದಳು ಬೆರಿತ್. “ಜನ ಇಷ್ಟು ಹೊತ್ತು ಕಾಯಲ್ಲ. ಮಕ್ಕಳಂತೂ ಕಾಯಲೇಬಾರದು.”

ಲುಂದೆ ಪಕ್ಕದ ಕಣಿವೆಯ ಊರು. ಅವರಲ್ಲಿ ದನದ ಕೊಟ್ಟಿಗೆಯ ಬಾಗಿಲಷ್ಟು ದೊಡ್ಡದಾದ, ಫಲಿತಾಂಶ ತೋರಿಸುವ ವಿದ್ಯುತ್ ಫಲಕವಿದೆ. ಅದಿದೆ ಎಂದು ನಮಗೆ ಮರೆಯದಂತೆ ನೋಡಿಕೊಳ್ಳುವ ಜನವೂ ಇದ್ದಾರೆ. ಈಸ್ಟರ್ ರಿಲೇ ನಮ್ಮ ಅಜ್ಜಂದಿರ ಕಾಲದಿಂದ ನಮ್ಮ ಊರಿನಲ್ಲೇ ನಡೆದುಕೊಂಡು ಬಂದಿದೆ. ಅದು ಲುಂದೆಗೆ ಹೋಗುವುದೆಂದರೆ ನಮ್ಮ ಚರ್ಚಿನ ಗಂಟೆಯನ್ನು ಅವರು ಬಿಚ್ಚಿಕೊಂಡು ಹೋದಂತೆ. ಹೊತ್ತುಕೊಂಡು ಹೋಗಲು ನೆರವಾದವನು ಟೊರ್ಮೋದ್ ಎಂದು ಅವನ ಮೊಮ್ಮಕ್ಕಳ ಕಾಲದಲ್ಲೂ ಜನ ಹೇಳುತ್ತಾರೆ. ಅವನಿಗೂ ಇದು ಗೊತ್ತಿತ್ತು.

ಮರುದಿನ ಸಂಜೆ ಸಂಘದ ಮನೆಯಲ್ಲಿ ಸಮಿತಿ ಸೇರಿತು. ಗುನ್ವೊರ್ ಥರ್ಮಾಸಿನ ಮುಚ್ಚಳ ತಿರುಗಿಸುತ್ತ, “ಹೇಳಪ್ಪಾ,” ಎಂದಳು.

ಟೊರ್ಮೋದ್ ಎದ್ದು ನಿಂತ. “ತಪ್ಪೆಲ್ಲ ಲಾಗ್‌ನದು. ಲಾಗ್ ತುಂಬಾ ನಿಧಾನ. ಈಸ್ಟರ್ ಒಳಗೆ ಲಾಗ್ ಕಿತ್ತುಹಾಕ್ತೀನಿ. ಎಲ್ಲಾ ಸರಿಹೋಗುತ್ತೆ.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ನಾರ್ವೇಜಿಯನ್ ಭಾಷೆಯಲ್ಲಿ ಲಾಗ್ ಎಂದರೆ ಪದರ. ಕೇಕಿನ ಪದರವೂ ಲಾಗ್, ಹಿಮದ ಪದರವೂ ಲಾಗ್. ಲಾಗ್ ಎಂದರೆ ತಂಡ ಕೂಡ. ಮಕ್ಕಳ ರಿಲೇ ತಂಡವೂ ಲಾಗ್. ಲಾಗ್ ಎಂದರೆ ಸಂಘವೂ ಹೌದು. ನಮ್ಮ ಕ್ರೀಡಾಸಂಘದ ಹೆಸರು ಮುಗಿಯುವುದೇ ಲಾಗ್ ಎಂದು. ಇಷ್ಟು ಪುಟ್ಟ ಶಬ್ದದ ಬೆನ್ನಿಗೆ ಇಷ್ಟು ಹೊರೆ ಕಟ್ಟಿದ ಪೂರ್ವಿಕರು ಮುಂದೊಂದು ದಿನ ಡೇಟಾಬೇಸ್ ಎಂಬುದು ಬರುತ್ತದೆ ಎಂದು ಊಹಿಸಿರಲಿಲ್ಲ.

ಸಮಿತಿಯವರಿಗೆ ವಿಷಯ ಗೊತ್ತಿದ್ದರಿಂದ ಯಾರಿಗೂ ಗೊಂದಲವಾಗಲಿಲ್ಲ. ಆದರೆ ಅಡುಗೆಮನೆಯ ಕಿಂಡಿಯ ಆಚೆ ಬೋರ್ಗಿಲ್ ಅಜ್ಜಿ ವಾಫಲ್ ಕಾವಲಿ ಒರೆಸುತ್ತಿದ್ದರು. ಅವರ ಮೊಮ್ಮಗಳೂ ಟೊರ್ಮೋದನ ಮಗಳು ತೂವಾಳೂ ಊರಿನ ಹುಡುಗಿಯರ ರಿಲೇ ತಂಡದಲ್ಲಿದ್ದರು. ಆ ತಂಡದ ಬಗ್ಗೆ ಪ್ರೀತಿಯಿಂದ ಹೇಳಬಹುದಾದದ್ದು ಬಹಳ ಇದೆ. ವೇಗದ ಬಗ್ಗೆ ಮಾತ್ರ ಏನೂ ಹೇಳಲಾಗುವುದಿಲ್ಲ. ಅಜ್ಜಿಯ ಕಿವಿ ಚೆನ್ನಾಗಿ ಕೇಳಿಸುತ್ತದೆ. ಒರೆಸುವ ಬಟ್ಟೆ ಹಾಗೆಯೇ ನಿಂತಿತು.

ಎರಡು ದಿನ ಬಿಟ್ಟು ಅಂಗಡಿಯಲ್ಲಿ, ಕಂದು ಚೀಸು ಇಡುವ ಕಪಾಟಿನ ಮುಂದೆ, ಅಜ್ಜಿ ಟೊರ್ಮೋದನನ್ನು ಹಿಡಿದರು. ನಾನು ಕಿತ್ತಳೆಹಣ್ಣಿನ ಪೆಟ್ಟಿಗೆ ಹೊತ್ತು ಹಿಂದೆಯೇ ಇದ್ದೆ. ನಡುವೆ ಬಾಯಿ ಹಾಕಬಹುದಿತ್ತು. ಹಾಕಲಿಲ್ಲ, ಪೆಟ್ಟಿಗೆ ಭಾರವಾಗಿತ್ತು, ಮಾತು ಸ್ವಾರಸ್ಯವಾಗಿತ್ತು.

“ಲಾಗ್ ಕಿತ್ತುಹಾಕ್ತೀಯಂತೆ?” ಎಂದರು ಅಜ್ಜಿ.

“ಹೂಂ ಅಜ್ಜಿ. ಬೇರೆ ದಾರಿ ಇಲ್ಲ.”

“ಪಾಪ ಅನ್ಸಲ್ವೇನೋ ನಿಂಗೆ?”

“ಅನ್ಸುತ್ತೆ. ನಾನೇ ಬೆಳೆಸಿದ್ದಲ್ವಾ. ಆದ್ರೆ ಏನ್ಮಾಡೋದು, ತುಂಬಾ ದಪ್ಪ ಆಗೋಗಿದೆ.”

ಅಜ್ಜಿ ಚೀಸಿನ ಗಡ್ಡೆಯನ್ನು ಎತ್ತಿದರು. ಹೊಡೆಯಲಿಕ್ಕೋ ಕೊಳ್ಳಲಿಕ್ಕೋ ತಿಳಿಯಲಿಲ್ಲ.

“ದಪ್ಪ ಅಂತೀಯಾ.”

“ದಪ್ಪ ಅಂದ್ರೆ ದಪ್ಪ. ಮೇಲಿಂದ ಒಂದು ಸಲ ಹೇಳಿದ್ರೆ ತಲೆಗೆ ಹೋಗಲ್ಲ. ಪ್ರತಿಯೊಂದಕ್ಕೂ ಹೋಗಿ ಬಂದು, ಹೋಗಿ ಬಂದು. ಅಷ್ಟರಲ್ಲಿ ಲುಂದೆಯವರು ಮನೆಗೆ ಹೋಗಿ ಊಟ ಮಾಡಿ ಮಲಗಿರ್ತಾರೆ.”

“ಇದನ್ನ ನೀನು ಎಲ್ಲರ ಮುಂದೇನೂ ಹೇಳ್ತೀಯಾ?”

“ಹೇಳೋದೇನು, ಎಲ್ಲರಿಗೂ ಗೊತ್ತಿರೋದೇ ಅಲ್ವಾ? ಮೊನ್ನೆ ಇಡೀ ಊರು ನೋಡ್ತು.”

“ನಿನ್ನ ಮಗಳು ತೂವಾ? ಅವಳ ಗತಿ?”

ಟೊರ್ಮೋದ್ ಸ್ವಲ್ಪ ಯೋಚಿಸಿದ. ಅಜ್ಜಿಗೆ ಇಷ್ಟು ತಾಂತ್ರಿಕ ಆಸಕ್ತಿ ಇದೆಯೆಂದು ಅವನಿಗೆ ಸಂತೋಷವಾಗಿರಬೇಕು. “ತೂವಾ ಹೆಸರೂ ಇಷ್ಟು ದಿನ ಲಾಗ್ ಮೂಲಕಾನೇ ಹೋಗ್ತಿತ್ತು. ಇನ್ಮೇಲೆ ನೇರವಾಗಿ ಹೋಗ್ತಾಳೆ.”

“ನೇರವಾಗಿ,” ಎಂದರು ಅಜ್ಜಿ. ಚೀಸನ್ನು ವಾಪಸ್ಸು ಇಟ್ಟು, ಏನನ್ನೂ ಕೊಳ್ಳದೆ ಹೊರಟುಹೋದರು.

ಊರು ಇದನ್ನು ಅರ್ಥ ಮಾಡಿಕೊಂಡ ರೀತಿ ಸರಳವಾಗಿತ್ತು. ಟೊರ್ಮೋದ್ ಹುಡುಗಿಯರ ತಂಡವನ್ನು ನಿಧಾನ, ದಪ್ಪ, ದಡ್ಡ ಎಂದು ರದ್ದು ಮಾಡಿಸಿ, ತನ್ನ ಮಗಳನ್ನು ನೇರವಾಗಿ ಲುಂದೆಯ ತಂಡಕ್ಕೆ ಸೇರಿಸುತ್ತಿದ್ದಾನೆ.

ನಮ್ಮ ಊರಿನಲ್ಲಿ ಯಾರೂ ಜಗಳ ಮಾಡುವುದಿಲ್ಲ. ಕೂಗಾಡುವುದನ್ನು ನಾವು ಟೀವಿಯಲ್ಲಿ ನೋಡುತ್ತೇವೆ. ನಮ್ಮ ಸಿಟ್ಟು ಹೇಗೆ ತಿಳಿಯುತ್ತದೆ ಎಂದರೆ, ಓಡ್ವಾರ್ ಟ್ರ್ಯಾಕ್ಟರ್ ತಂದು ಬೀದಿಯ ಹಿಮ ತಳ್ಳುವಾಗ ಟೊರ್ಮೋದನ ಗೇಟಿನವರೆಗೆ ತಳ್ಳಿದ; ಅಲ್ಲಿ ಹಿಮ ತಳ್ಳುವ ಹಲಗೆಯನ್ನು ಮೇಲಕ್ಕೆತ್ತಿ ಅವನ ಪಾಲಿನ ಹಿಮವನ್ನು ಹಾಗೆಯೇ ಬಿಟ್ಟ; ಗೇಟು ದಾಟಿದ ಮೇಲೆ ಮತ್ತೆ ಇಳಿಸಿದ. ಮುಖ ನೇರ ಮುಂದಕ್ಕಿತ್ತು. ಊರಿನ ಇತಿಹಾಸದಲ್ಲಿ ಹೀಗೆ ಹಲಗೆ ಎತ್ತಿದ್ದು ಇದಕ್ಕೆ ಮೊದಲು ಯುದ್ಧಕಾಲದ ವಿಷಯವೊಂದಕ್ಕೆ ಮಾತ್ರ ಎಂದು ಹೇಳುತ್ತಾರೆ.

“ಏನ್ರೀ ಮಾಡಿದ್ರಿ?” ಎಂದು ಟೊರ್ಮೋದನ ಹೆಂಡತಿ ಅಸ್ಟ್ರಿ ಕಿಟಕಿಯಿಂದ ತಿರುಗಿ ಕೇಳಿದಳು. “ಓಡ್ವಾರ್ ನಮ್ಮ ಗೇಟ್ ಮುಂದೆ ಹಲಗೆ ಎತ್ತಿದ.”

“ಕಲ್ಲು ಸಿಕ್ಕಿರ್ಬೇಕು.”

“ಕಲ್ಲು ಎರಡು ದಿನದಿಂದ ಸಿಗ್ತಾ ಇದೆ.”

ಅವರ ಮಗಳು ತೂವಾ ಶಾಲೆಯಿಂದ ಬಂದವಳು ಅಪ್ಪನ ಜೊತೆ ಮಾತು ಬಿಟ್ಟಳು. ನಾನು ಅವತ್ತು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಮೀನಿನ ಉಂಡೆ, ಬೇಯಿಸಿದ ಆಲೂಗಡ್ಡೆ.

“ಅಮ್ಮಾ, ಆ ಬೆಣ್ಣೆ ಈ ಕಡೆ ಕೊಡ್ಬೇಕಂತೆ ಅಂತ ಅಪ್ಪಂಗೆ ಹೇಳು,” ಎಂದಳು ತೂವಾ.

“ಬೆಣ್ಣೆ ಕೊಡ್ಬೇಕಂತೆ,” ಎಂದಳು ಅಸ್ಟ್ರಿ.

“ಉಪ್ಪಿಂದೋ ಉಪ್ಪಿಲ್ಲದ್ದೋ ಕೇಳು,” ಎಂದ ಟೊರ್ಮೋದ್.

“ಉಪ್ಪಿಂದೋ ಉಪ್ಪಿಲ್ಲದ್ದೋ?”

“ಉಪ್ಪಿಂದು ಅಂತ ಹೇಳು.”

“ಉಪ್ಪಿಂದಂತೆ.”

“ಎಷ್ಟು ಬೇಕಂತೆ?”

ಅಸ್ಟ್ರಿ ಫೋರ್ಕನ್ನು ತಟ್ಟೆಯ ಮೇಲೆ ಇಟ್ಟಳು. “ಇಬ್ಬರೂ ಒಂದೇ ಮೇಜಿನ ಮುಂದೆ ಕೂತಿದೀರ. ಮಧ್ಯ ನಾನು ಯಾತಕ್ಕೆ? ಆಲೂಗಡ್ಡೆ ತಣ್ಣಗಾಯ್ತು.”

ಟೊರ್ಮೋದ್ ನನ್ನ ಮುಖ ನೋಡಿದ. ನಾನು ಮೀನಿನ ಉಂಡೆಯನ್ನು ನೋಡಿದೆ.

ಅಷ್ಟರಲ್ಲಿ ಪುರಸಭೆಗೂ ಸುದ್ದಿ ತಲುಪಿತ್ತು. ಸುದ್ದಿ ಪುರಸಭೆಗೆ ತಲುಪುವಾಗ ದಾರಿಯಲ್ಲಿ ದೊಡ್ಡದಾಗುತ್ತದೆ, ಯಾಕೆಂದರೆ ಅದು ಬಹಳ ಮೇಜುಗಳನ್ನು ದಾಟಬೇಕು. ಲಾಗ್ ತೆಗೆಯುತ್ತಾರಂತೆ ಎಂದು ಹೊರಟದ್ದು, ಕ್ರೀಡಾಸಂಘವನ್ನೇ ಮುಚ್ಚುತ್ತಾರಂತೆ ಎಂದಾಗಿ ಸಂಸ್ಕೃತಿ ಅಧಿಕಾರಿ ಕೊಲ್ಬ್ಯೊರ್ನ್‌ನ ಮೇಜಿಗೆ ಬಂತು. ಅವನು ಚಳಿಗಾಲದ ಬೂಟಿನಲ್ಲಿ ಬಂದು ಗುನ್ವೊರ್ ಮನೆಯ ಮೆಟ್ಟಿಲ ಮೇಲೆ ನಿಂತ.

“ಸಂಘ ಮುಚ್ಚೋ ವಿಚಾರವಾಗಿ ಪುರಸಭೆಗೆ ಕಳವಳ ಇದೆ,” ಎಂದ.

“ಯಾರು ಮುಚ್ತಾ ಇರೋರು?”

“ಅದನ್ನ ನಾನು ಹೇಳೋ ಹಾಗಿಲ್ಲ. ಕೇಳೋಕೆ ಬಂದಿದ್ದೀನಿ.”

“ಕೇಳಿ ಮತ್ತೆ.”

“ನೇರವಾಗಿ ಕೇಳೋದು ಸರಿಯಾಗಲ್ಲ. ಒಂದು ಸಾರ್ವಜನಿಕ ಸಭೆ ಕರೀರಿ. ಅಲ್ಲಿ ಅಭಿಪ್ರಾಯಗಳು ಬರ್ತವೆ. ನಾನು ಸ್ವೀಕರಿಸ್ತೀನಿ.”

“ನಿಮ್ಮ ಅಭಿಪ್ರಾಯ ಏನು?”

“ನಾನು ಸ್ವೀಕರಿಸೋನು ಮಾತ್ರ,” ಎಂದ ಕೊಲ್ಬ್ಯೊರ್ನ್, ನಮ್ರನಾಗಿ.

ಸಭೆಗೆ ಜನ ಎಷ್ಟು ಬಂದರೆಂದರೆ ಕುರ್ಚಿ ಸಾಲದೆ ಮಕ್ಕಳ ಜಾರುಬಂಡಿಗಳನ್ನು ಒಳಗೆ ತಂದು ಕೂತರು. ಸಮಾಧಾನದ ಸಭೆ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಮಾತಾಡುತ್ತಿರಲಿಲ್ಲ. ಓಡ್ವಾರ್ ಗೋಡೆಗೆ ಒರಗಿ ತನ್ನ ಬೂಟನ್ನೇ ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಬೋರ್ಗಿಲ್ ಅಜ್ಜಿ ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡಿದ್ದರು. ಸೂಜಿಗಳು ಟಿಕ್ ಟಿಕ್ ಎನ್ನುತ್ತಿದ್ದುದೊಂದೇ ಸದ್ದು.

ಟೊರ್ಮೋದನಿಗೆ ಈ ಹೊತ್ತಿಗೆ ನಾನು ವಿಷಯ ತಿಳಿಸಿದ್ದೆ. ತಿಳಿಸಿದಾಗ ಅವನು “ದಪ್ಪ ಅಂದ್ನಲ್ಲೋ,” ಎಂದಷ್ಟೇ ಹೇಳಿದ್ದ. ಈಗ ಎಲ್ಲವನ್ನೂ ಒಂದೇ ಸಲ ಬಿಡಿಸಿ ಹೇಳಲು ಅವನು ಅಸ್ಟ್ರಿಯ ಕೈಯಿಂದ ಒಂದು ಕೇಕು ಮಾಡಿಸಿ ತಂದಿದ್ದ. ಕೆಳಗೆ ಮೆತ್ತನೆಯ ಕೇಕು, ನಡುವೆ ಹಾಲಿನ ಕೆನೆ, ಮೇಲೆ ಮತ್ತೆ ಕೇಕು, ತುದಿಯಲ್ಲಿ ಸ್ಟ್ರಾಬೆರಿ.

“ಇದು ಡೇಟಾಬೇಸ್,” ಎಂದು ಅವನು ಚಾಕುವಿನಿಂದ ಕೆಳಗಿನ ಕೇಕನ್ನು ತೋರಿಸಿದ. “ಮೇಲಿರೋ ಸ್ಟ್ರಾಬೆರಿ ಅಂದ್ರೆ ನಾವು. ನಡುವೆ ಇರೋ ಈ ಕೆನೆ ಇದೆಯಲ್ಲ, ಇದೇ ಲಾಗ್. ನಾನು ತೆಗೀತೀನಿ ಅಂದಿದ್ದು ಈ ಲಾಗ್. ತಂಡ ಅಲ್ಲ. ಸಂಘಾನೂ ಅಲ್ಲ.”

ಸೂಜಿಗಳು ನಿಂತವು.

“ಕೆನೆ ತೆಗೆದ್ರೆ ಒಣ ಬ್ರೆಡ್ಡು ಕಣೋ ಅದು,” ಎಂದರು ಅಜ್ಜಿ.

“ಹೌದು ಅಜ್ಜಿ. ನೋಡೋಕೆ ಚೆನ್ನಾಗಿರಲ್ಲ. ಬೇರೆ ಕೇಕಿನ ಮೇಲೆ ಎತ್ತಿಡೋಕೂ ಬರಲ್ಲ. ಆದ್ರೆ ಬೇಗ ತಿನ್ಬಹುದು.”

ಜಾರುಬಂಡಿಗಳ ಕಡೆಯಿಂದ ಒಂದು ಉಸಿರು ಹೊರಬಂತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು, ನಮ್ಮಲ್ಲಿ ಅದು ನಗುವಿಗೆ ಸಮಾನ. ಸಭೆ ಅಲ್ಲಿಗೆ ಮುಗಿದಿದ್ದರೆ ಎಲ್ಲರೂ ಕೇಕು ತಿಂದು ಮನೆಗೆ ಹೋಗಬಹುದಿತ್ತು. ಆದರೆ ಓಡ್ವಾರ್ ತಲೆಯೆತ್ತಿದ.

“ಹಾಗಾದ್ರೆ ಹುಡುಗೀರ ತಂಡ ನಿಧಾನ ಅಂತ ನೀನು ಹೇಳಿಲ್ಲ?”

ಟೊರ್ಮೋದ್ ಎಂಬ ಮನುಷ್ಯನ ಒಂದೇ ದೋಷವನ್ನು ಮೊದಲೇ ಹೇಳಿದ್ದೇನೆ.

“ಹೇಳಿಲ್ಲ,” ಎಂದ ಅವನು. “ತಂಡ ನಿಧಾನಾನೇ. ಆದ್ರೆ ಅದು ಬೇರೆ ವಿಷಯ.”

ತೂವಾ ಎದ್ದು ಹೊರಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದಿಗೆ ಕೇಕಿನ ಮೇಲಿದ್ದ ಸ್ಟ್ರಾಬೆರಿ ಒಂದು ಪಕ್ಕಕ್ಕೆ ಜಾರಿತು. ಇದು ಒಳ್ಳೆಯ ಲಕ್ಷಣವಲ್ಲ ಎಂದು ಎಲ್ಲರಿಗೂ ತೋರಿತು.

ಆಗ ಕೊಲ್ಬ್ಯೊರ್ನ್ ಎದ್ದ. ಇಪ್ಪತ್ತು ವರ್ಷ ಪುರಸಭೆಯಲ್ಲಿದ್ದು ಗಳಿಸಿದ ವಿವೇಕವೆಲ್ಲ ಅವನ ಕಣ್ಣಲ್ಲಿ ಕಾಣುತ್ತಿತ್ತು. “ಅಭಿಪ್ರಾಯಗಳನ್ನ ಸ್ವೀಕರಿಸಿದ್ದೀನಿ. ಯಾವ ಲಾಗ್ ಅನ್ನೋ ವಿವರಕ್ಕೆ ಹೋದ್ರೆ ಮನಸ್ಸು ಕೆಡುತ್ತೆ. ಆದ್ದರಿಂದ ಒಂದು ಸೂಚನೆ. ಹೇಲ್ದಾಲ್‌ನಲ್ಲಿ ಈಗ ಏನೇನು ಲಾಗ್ ಇದೆಯೋ, ಎಲ್ಲವೂ ಇದ್ದ ಹಾಗೇ ಇರ್ಲಿ. ಒಪ್ಪೋರು ಕೈ ಎತ್ತಿ.”

ಎಲ್ಲ ಕೈಗಳೂ ಎದ್ದವು. ಅಜ್ಜಿಯ ಕೈ, ಹೆಣಿಗೆ ಸಮೇತ. ಓಡ್ವಾರನದು. ಗುನ್ವೊರ್‌ದು. ಚಾಕು ಹಿಡಿದಿದ್ದ ಟೊರ್ಮೋದನ ಕೈ ಕೂಡ ಮೇಲಕ್ಕೆ ಹೋಯಿತು. ಎಲ್ಲರೂ ಎತ್ತಿದಾಗ ಎತ್ತುವುದು ನಮಗೆ ಶಾಲೆಯಲ್ಲೇ ಅಭ್ಯಾಸವಾಗಿದೆ. ಸಭೆ ಸರ್ವಾನುಮತದಿಂದ ಒಪ್ಪಿದ್ದನ್ನು ಮುಂದಿನ ಮಹಾಸಭೆಯವರೆಗೆ ಯಾರೂ ಮುಟ್ಟುವಂತಿಲ್ಲ. ಮಹಾಸಭೆ ಬೇಸಗೆಯಲ್ಲಿ. ರಿಲೇ ಬರುವ ಭಾನುವಾರ.

ಮಾರನೆಯ ದಿನ ಓಡ್ವಾರ್ ಬೀದಿಯ ಹಿಮ ತಳ್ಳಿದ. ಟೊರ್ಮೋದನ ಗೇಟಿನ ಮುಂದೆ ಹಲಗೆಯನ್ನು ಅರ್ಧಕ್ಕೆ ಎತ್ತಿದ.

ಶನಿವಾರ ನಾನು ನನ್ನ ಗ್ಯಾರೇಜಿನಲ್ಲಿ ಸ್ಕೀಗಳಿಗೆ ಮೇಣ ಹಚ್ಚುತ್ತಿದ್ದೆ. ಟೊರ್ಮೋದ್ ಬಂದು ಖಾಲಿ ಡಬ್ಬದ ಮೇಲೆ ಕೂತು ಲ್ಯಾಪ್‌ಟಾಪು ತೆರೆದ.

“ಎಷ್ಟು ಲಾಗ ಹಾಕಿದ್ರೂ ಅದು ಆ ವೇಗಕ್ಕೆ ಬರಲ್ಲ,” ಎಂದ. “ಪದರಾನ ಸಣ್ಣ ಮಾಡಿದೆ. ಅರ್ಧ ಕೆಲಸ ಮೊದಲೇ ಮಾಡಿಟ್ಟೆ. ಊಹೂಂ. ತೆಗೀದೇ ಇದ್ರೆ ಆಗಲ್ಲ. ತೆಗೆಯೋ ಹಾಗೂ ಇಲ್ಲ.”

“ರಿಲೇ ಲುಂದೆಗೆ ಹೋಯ್ತು ಅನ್ನು.”

“ಇರೋ. ಲಾಗ್ ಇರ್ಲಿ ಅಂತ ತಾನೇ ಠರಾವು? ಅದರ ಮೂಲಕಾನೇ ಹೋಗ್ಬೇಕು ಅಂತ ಯಾರೂ ಕೈ ಎತ್ತಿಲ್ಲ.”

ಅವನು ಟೈಪು ಮಾಡತೊಡಗಿದ. ಲಾಗ್ ತನ್ನ ಜಾಗದಲ್ಲಿ ಸಕಲ ಮರ್ಯಾದೆಯಿಂದ ಕೂತಿತ್ತು. ಅದರ ಪಕ್ಕದಿಂದ, ಅಡುಗೆಮನೆಯ ಹಿಂಬಾಗಿಲಿನಂಥ ಒಂದು ದಾರಿ ಮಾಡಿ, ಟೊರ್ಮೋದ್ ಉಗ್ರಾಣಿಯ ಒರಟು ಭಾಷೆಯಲ್ಲಿ ಒಂದೇ ಒಂದು ಉದ್ದನೆಯ ವಾಕ್ಯ ಬರೆದ. ತಂಡ, ಮಕ್ಕಳು, ಊರು, ಸಮಯ, ಎಲ್ಲವೂ ಒಂದೇ ಮೂಟೆ. ಆ ವಾಕ್ಯದಲ್ಲಿ ಆ ಉಗ್ರಾಣಿಗೆ ಮಾತ್ರ ಗೊತ್ತಿರುವ ಪದಗಳಿದ್ದವು, ಅವನು ಮಾತ್ರ ನಗುವ ತಮಾಷೆಗಳಿದ್ದವು. ಬೇರೆ ಯಾವ ಡೇಟಾಬೇಸಿಗೆ ಹೇಳಿದರೂ ಅದು ಕಣ್ಣು ಪಿಳಿಪಿಳಿ ಬಿಡುತ್ತದೆ. ಟೊರ್ಮೋದ್ ಗುಂಡಿ ಒತ್ತಿದ. ಒತ್ತಿದ ಬೆರಳು ಮೇಲೇಳುವ ಮೊದಲೇ ಹಳೆಯ ಓಟಗಳ ಫಲಿತಾಂಶವೆಲ್ಲ ತೆರೆಯ ಮೇಲಿತ್ತು.

“ನಾಳೆ ಡೇಟಾಬೇಸ್ ಬದಲಾಯಿಸಬೇಕಾದ್ರೆ?” ಎಂದೆ ನಾನು.

“ಯಾಕೆ ಬದಲಾಯಿಸಬೇಕು?” ಎಂದ ಟೊರ್ಮೋದ್.

ಭಾನುವಾರ ಬಿಸಿಲಿತ್ತು. ಹಿಮದ ಮೇಲೆ ಹಿಮಸಾರಂಗದ ಚರ್ಮ ಹಾಸಿ ಜನ ಕಿತ್ತಳೆ ಸುಲಿಯುತ್ತ ಕೂತಿದ್ದರು. ಲುಂದೆಯವರು ಸಾಲಾಗಿ ನಿಂತು, ನಾವು ಹೇಗೆ ಸೋಲುತ್ತೇವೆ ಎಂದು ನೋಡಲು ಬಂದಿದ್ದರು. ಬೆರಿತ್ ಗುರಿಗೆರೆಯ ಬಳಿ ಕೈಗಡಿಯಾರ ಹಿಡಿದು ನಿಂತಿದ್ದಳು. ಗುನ್ವೊರ್ ಥರ್ಮಾಸಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು.

ನಮ್ಮ ಹುಡುಗಿಯರ ತಂಡ ಕೊನೆಗೆ ಬಂತು. ಅಂತಿಮ ಸರದಿ ತೂವಾಳದು. ಅವರಿಗಿಂತ ಮುಂಚೆ ಮುಗಿಸಿದ ತಂಡ ಆಗಲೇ ಬಿಸಿ ಶರಬತ್ತು ಕುಡಿಯುತ್ತಿದ್ದಾಗ ಅವಳು ಮೂಗು ಕೆಂಪು ಮಾಡಿಕೊಂಡು, ಎಲ್ಲೂ ನಿಲ್ಲದೆ ಗುರಿಗೆರೆ ದಾಟಿದಳು. ದಾಟಿ ಹಿಮದ ಮೇಲೆ ಬಿದ್ದುಕೊಂಡಳು. ಬಿದ್ದವಳ ತಲೆಯ ಮೇಲೆ, ಬಾಡಿಗೆಗೆ ತಂದ ತೆರೆಯ ಮೇಲೆ, ಇಡೀ ರಿಲೇಯ ಫಲಿತಾಂಶ ಮೂಡಿತು. ಎಲ್ಲ ತಂಡ, ಎಲ್ಲ ಮಕ್ಕಳು, ಎಲ್ಲ ಸಮಯ. ನಾನು ಮೈಕು ತೆಗೆದುಕೊಂಡು ವಾಫಲ್ ಮಾಡುವ ವಿಧಾನಕ್ಕೆ ಸಿದ್ಧನಾಗಿದ್ದೆ. ಬಾಯಿ ಹಾಗೆಯೇ ತೆರೆದುಕೊಂಡಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲುಂದೆಯ ತರಬೇತುದಾರ ಗೆದ್ದಿದ್ದರೂ ಮುಖ ಗಂಟಿಕ್ಕಿಕೊಂಡು ಬಂದ.

“ಇದು ಹೇಗೆ ಸಾಧ್ಯ? ಆ ಮಗು ಇನ್ನೂ ಉಸಿರು ಬಿಟ್ಟಿಲ್ಲ.”

“ಬಿಡ್ತಾಳೆ,” ಎಂದ ಟೊರ್ಮೋದ್.

“ಮೊದಲೇ ಬರೆದಿಟ್ಟಿದ್ರಾ?”

“ಮೊದಲೇ ಬರೆಯೋ ಹಾಗಿದ್ರೆ ನಮ್ಮನ್ನ ಕೊನೇಲಿ ಯಾಕಪ್ಪಾ ಬರ್ಕೋತಿದ್ವಿ?” ಎಂದಳು ಗುನ್ವೊರ್, ಎರಡು ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬಾ ಉಸಿರೆಳೆದುಕೊಂಡು.

ಬೆರಿತ್ ತನ್ನ ಕೈಗಡಿಯಾರದ ಸಮಯವನ್ನೂ ತೆರೆಯನ್ನೂ ಹೋಲಿಸಿ ನೋಡಿದಳು. ಸರಿಯಾಗಿತ್ತು. “ರಿಲೇ ಹೇಲ್ದಾಲ್‌ನಲ್ಲೇ ಇರುತ್ತೆ,” ಎಂದಳು. ಲುಂದೆಯ ತರಬೇತುದಾರ ತನ್ನ ತಂಡದ ಸ್ಕೀಗಳನ್ನು ಎಣಿಸಲು ಹೋದ. ಆಗ ಚಪ್ಪಾಳೆ ಬಂತು, ಕೈಗವಸು ಹಾಕಿದ ಕೈಗಳ ಮೆತ್ತನೆಯ ಚಪ್ಪಾಳೆ.

ಬೋರ್ಗಿಲ್ ಅಜ್ಜಿ ಟೊರ್ಮೋದನ ತೋಳು ಹಿಡಿದರು. “ನೋಡಿದ್ಯೇನೋ? ಲಾಗ್ ಇಟ್ಕೊಂಡೇ ಬಂತಲ್ಲ. ಕಿತ್ತುಹಾಕ್ತೀನಿ ಅಂತ ಕುಣೀತಿದ್ದೆ. ನಾವು ಬೇಡ ಅಂದಿದ್ದಕ್ಕೆ ಉಳೀತು.” ಆಮೇಲೆ ಸುತ್ತಲಿದ್ದವರಿಗೆ, ಹಿಮಸಾರಂಗದ ಚರ್ಮದ ಮೇಲಿದ್ದವರಿಗೆ, ಲುಂದೆಯ ಅಪರಿಚಿತ ತಾಯಂದಿರಿಗೆ ವಿವರಿಸತೊಡಗಿದರು. “ಅದೆಲ್ಲ ಲಾಗ್‌ನಿಂದ ಕಣಮ್ಮ. ಕೇಕಿನ ಕೆನೆ ಇದ್ದ ಹಾಗೆ. ಅದಿದ್ರೆ ಯಾವ ಡೇಟಾಬೇಸ್ ಆದ್ರೂ ನಡೆಯುತ್ತೆ. ನಾವೆಲ್ಲ ಸೇರಿ ಕೈ ಎತ್ತಿ ಉಳಿಸ್ಕೊಂಡ್ವಿ.”

ಟೊರ್ಮೋದ್ ಬಾಯಿ ತೆರೆದ. ಅವನ ಮುಖದಲ್ಲಿ ನಿಜ ಮೇಲಕ್ಕೆ ಹತ್ತಿ ಬರುತ್ತಿದ್ದುದು ನನಗೆ ಕಾಣಿಸಿತು. ಆ ಹೊತ್ತಿಗೆ ಓಡ್ವಾರ್ ಬಂದು, ಏನೂ ಹೇಳದೆ ಅವನ ಕೈ ಕುಲುಕಿ, ಏನೂ ಹೇಳದೆ ಹೋದ. ಟೊರ್ಮೋದ್ ಬಾಯಿ ಮುಚ್ಚಿದ. ಅವನ ಜೀವಮಾನದಲ್ಲಿ ಇದು ಹೊಸ ಅನುಭವ.

ತೂವಾ ಸ್ಕೀ ಬಿಚ್ಚಿ ಅಪ್ಪನ ಹತ್ತಿರ ಬಂದಳು. “ನಿಧಾನ ಆಯ್ತಾ?” ಎಂದು ನೇರವಾಗಿ ಕೇಳಿದಳು.

“ಆಯ್ತು,” ಎಂದ ಅವನು. “ಆದ್ರೆ ನಿಲ್ಲಲಿಲ್ಲ.”

ಅವಳು ಅವನ ಕೋಟಿನ ತೋಳಿಗೆ ಮೂಗು ಒರೆಸಿಕೊಂಡಳು. ಅವರಿಬ್ಬರ ನಡುವಿನ ವಿಷಯ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಬೆರಿತ್ ಕೊಲ್ಬ್ಯೊರ್ನ್‌ನನ್ನೂ ಗುನ್ವೊರ್‌ಳನ್ನೂ ಜೊತೆಗೆ ಕರೆದುಕೊಂಡು ಟೊರ್ಮೋದನ ಬಳಿ ಬಂದಳು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅರ್ಧ ಊರು.

“ನಿಮಗೊಂದು ವಿಷಯ ಹೇಳ್ಬೇಕಿತ್ತು,” ಎಂದಳು ಬೆರಿತ್. “ಜಿಲ್ಲೆಯ ಎಲ್ಲ ಸಂಘಗಳಿಗೂ ನಿಮ್ಮ ಪ್ರೋಗ್ರಾಮನ್ನೇ ತಗೋಬೇಕು ಅಂತಿದೀವಿ. ಇಡೀ ಜಿಲ್ಲೆಗೆ ಫಲಿತಾಂಶದ ಮುಖ್ಯಸ್ಥರು ನೀವೇ. ನಮ್ಮ ಮಂಡಳಿಯ ಡೇಟಾಬೇಸ್ ಬೇರೆ ಥರದ್ದು. ಆದ್ರೆ ನಿಮ್ಮ ಹತ್ರ ಆ ಪದರ ಇದೆಯಲ್ಲ, ಒಂದು ಸಾಲು ತಿದ್ದಿದ್ರೆ ಆಯ್ತು ಅಂತ ಇವರೆಲ್ಲ ಹೇಳ್ತಿದಾರೆ. ಬೆಳಕು ಇರುವಾಗಲೇ ಒಂದು ಸಲ ಇಲ್ಲೇ ಮಾಡಿ ತೋರಿಸ್ತೀರಾ? ಜನರೂ ಇದ್ದಾರೆ.”

“ಮಾಡ್ತಾನೆ, ಮಾಡ್ತಾನೆ,” ಎಂದರು ಅಜ್ಜಿ.

“ನಮ್ಮೂರ ಹುಡುಗ ಇಡೀ ಜಿಲ್ಲೆಗೆ,” ಎಂದಳು ಗುನ್ವೊರ್. ಅವಳ ಕಣ್ಣಿನಲ್ಲಿ ನೀರಿತ್ತು; ಬಿಸಿಲಿಗೆ ಎಂದು ಆಮೇಲೆ ಹೇಳಿದಳು.

“ಪುರಸಭೆ ಇದನ್ನ ಸಂತೋಷದಿಂದ ಸ್ವೀಕರಿಸುತ್ತೆ,” ಎಂದ ಕೊಲ್ಬ್ಯೊರ್ನ್.

ಎಲ್ಲರೂ ಟೊರ್ಮೋದನ ಮುಖ ನೋಡಿದರು. ಶನಿವಾರ ಮಾಡಿದ ಆ ಹಿಂಬಾಗಿಲು ಬೇರೆ ಯಾವ ಡೇಟಾಬೇಸಿಗೂ ತೆರೆಯುವುದಿಲ್ಲ ಎಂದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ ಮಾತ್ರ. ಟೊರ್ಮೋದ್ ಲ್ಯಾಪ್‌ಟಾಪಿನ ಮುಚ್ಚಳವನ್ನು ನಿಧಾನವಾಗಿ ಕೆಳಗೆ ಒತ್ತಿದ. ಅದು ಕಟ್ ಎಂದು ಮುಚ್ಚಿಕೊಂಡಿತು.

“ಬೇಡ,” ಎಂದ.

“ಈಗಲೇ ಹೇಳ್ಬೇಕು ಅಂತೇನಿಲ್ಲ,” ಎಂದಳು ಬೆರಿತ್. “ಸ್ವಲ್ಪ ಯೋಚನೆ ಮಾಡಿ ನೋಡಿ.”

“ಮಾಡಿದೆ. ಬೇಡ.”